ಎರಡನೇ ಜೋಡಿ ಕಣ್ಣು

ಬೆಳಿಗ್ಗೆ ಒಂಬತ್ತೂವರೆಗೆ ನಿಂಗರಾಜನ ಪರದೆಯ ಮೇಲೆ ಎರಡನೇ ಜೋಡಿ ಕಣ್ಣು ತೆರೆಯಿತು.

ಮೊದಲ ಜೋಡಿ ಅವನೇ ಇಟ್ಟುಕೊಂಡದ್ದು. ಆಫೀಸಿನ ಯುನಿಕ್ಸ್ ಕಂಪ್ಯೂಟರಿನ ಜೊತೆ ಬರುವ ಆಟಿಕೆ ಅದು: ಎರಡು ದುಂಡು ಕಣ್ಣು, ಮೌಸಿನ ಬಾಣ ಎಲ್ಲಿ ಹೋದರೆ ಅಲ್ಲಿಗೆ ಗುಡ್ಡೆ ತಿರುಗಿಸುತ್ತವೆ. ಆದರೆ ಪಕ್ಕದಲ್ಲೇ ಬಂದು ಕುಳಿತ ಈ ಇನ್ನೊಂದು ಜೋಡಿಯನ್ನು ಅವನು ಕರೆದಿರಲಿಲ್ಲ. ನಿನ್ನೆಯೂ ಹೀಗೇ ಬಂದಿತ್ತು, ಮೊನ್ನೆಯೂ. ಯಾರದು ಎಂದು ಇವತ್ತು ಕಂಪ್ಯೂಟರನ್ನೇ ಕೇಳಿದ. ಉತ್ತರ ಬಂತು: ಬಿಂದುಶ್ರೀ.

೧೯೯೭ರಲ್ಲಿ ಜೆ.ಪಿ. ನಗರದ ಆ ಡ್ರಾಯಿಂಗ್ ಆಫೀಸಿನಲ್ಲಿ ಇದ್ದದ್ದು ಒಂದೇ ದೊಡ್ಡ ಕಂಪ್ಯೂಟರು, ಗಾಜಿನ ಕೋಣೆಯಲ್ಲಿ. ಮೇಜುಗಳ ಮೇಲಿದ್ದವು ಅದಕ್ಕೆ ಕೇಬಲ್ಲಿನಲ್ಲಿ ಜೋಡಿಸಿದ ಬರೀ ಟರ್ಮಿನಲ್ಲುಗಳು. ಒಂದೊಂದಕ್ಕೂ ಒಂದೊಂದು ಕೆರೆಯ ಹೆಸರು. ನಿಂಗರಾಜನದು ಸಾರಕ್ಕಿ. ಅವನ ಹಿಂದಿನ ಸಾಲಿನಲ್ಲಿ ಯಡಿಯೂರು; ಅದರ ಮುಂದೆ ಕುಮಾರಸ್ವಾಮಿ ಲೇಔಟಿನಿಂದ ಬರುವ ಹೊಸ ಹುಡುಗಿ ಬಿಂದುಶ್ರೀ.

ಬೊಂಬೆ ಕಣ್ಣಿಗೆ ಏನೂ ಕಾಣದು, ಅದು ನಿಂಗರಾಜನಿಗೆ ಗೊತ್ತು. ಆದರೆ ಅವನ ಪರದೆಯ ಮೇಲೆ ಕಿಟಕಿ ತೆರೆಯಬಲ್ಲವಳು ಆ ಪರದೆಯ ಚಿತ್ರವನ್ನೂ ತೆಗೆಯಬಲ್ಲಳು. ಅವನ ಪರದೆಗೆ ಎರಡು ಪುಟ. ಎಡಗಡೆಯದರಲ್ಲಿ ಆಫೀಸಿನ ಕಾರ್ಖಾನೆ ಡ್ರಾಯಿಂಗು. ಬಾಣವನ್ನು ಬಲ ಅಂಚಿಗೆ ತಳ್ಳಿದರೆ ಆ ಪುಟ ಸರಿದು ಇನ್ನೊಂದು ಬರುತ್ತಿತ್ತು. ಪರದೆಯ ಕಿಟಕಿಗಳನ್ನು ನಡೆಸುವ ವಿಂಡೋ ಮ್ಯಾನೇಜರನ್ನು ಹಾಗೆ ತಿದ್ದಿಕೊಂಡವನು ಅವನೇ. ಬಲಗಡೆಯ ಪುಟದಲ್ಲಿದ್ದದ್ದು ಚಿಕ್ಕಬೈರಪ್ಪನ ಮಹಡಿ ಮನೆಯ ಪ್ಲಾನು. ಬಿಟಿಎಂನಲ್ಲಿ ನಿಂಗರಾಜನಿಗೆ ಕೋಣೆ ಬಾಡಿಗೆಗೆ ಕೊಟ್ಟವನು ಚಿಕ್ಕಬೈರಪ್ಪ. ಪ್ಲಾನು ಮಾಡಿಕೊಟ್ಟರೆ ಮೇಲಿನ ಮನೆ ಬಾಡಿಗೆಗೆ ನಿನಗೇ ಎಂದಿದ್ದ. ಮದುವೆಯಾಗಿ ವರ್ಷವಾದರೂ ಹೆಂಡತಿ ಹುಲಿಗೆವ್ವ ಇನ್ನೂ ಕುಷ್ಟಗಿಯಲ್ಲೇ ಇದ್ದಳು. ಆದರೆ ಹೊರಗಿನ ಕೆಲಸ ಮಾಡುತ್ತ ಸಿಕ್ಕಿಬಿದ್ದವರಿಗೆ ಈ ಆಫೀಸಿನಲ್ಲಿ ಅದೇ ಕೊನೆಯ ದಿನ.

ಹೆದರಿಕೆ ಸಿಟ್ಟಾಯಿತು. ಪ್ಲಾನು ಮುಚ್ಚುವುದನ್ನೂ ಮರೆತು ಎದ್ದುಹೋದ.

"ಏನ್ರೀ ಬಿಂದುಶ್ರೀ, ನನ್ನ ಸ್ಕ್ರೀನ್ ಮ್ಯಾಲ ನಿಮ್ದೇನ್ ಕೆಲಸ?"

"ಏನ್ ಸಾರ್?" ಅವಳ ಮುಖ ಕೆಂಪಾಯಿತು.

ಆ ಕೆಂಪೇ ಅವನಿಗೆ ಸಾಕಾಯಿತು. "ನೀವು ಬಂದು ಕೂಡೋದಕ್ಕೂ ನನ್ನ ಕಡೆ ಕಣ್ಣು ತೆರೆಯೋದಕ್ಕೂ ಸರಿಹೋಗ್ತದ. ನನ್ನ ಮ್ಯಾಲ ಕಣ್ಣಿಡು ಅಂತ ಯಾರು ಹೇಳ್ಯಾರ ನಿಮಗ? ಸಾಹೇಬ್ರಾ?"

"ಸುಮ್ನೆ ಏನೇನೋ ಅನ್ಬೇಡಿ ಸಾರ್. ನಿಮ್ಮನ್ನ ನೋಡ್ತಾ ಕೂರೋಕೆ ನನಗೇನ್ ಕೆಲಸ ಇಲ್ವಾ? ಅವರನ್ನೇ ಕರೀತೀನಿ, ಇರಿ."

ಅಂದವಳೇ ಚೀಫ್ ಇಂಜಿನಿಯರ್ ಪರಮಶಿವಯ್ಯನವರ ಕ್ಯಾಬಿನ್ನಿಗೆ ಹೋದಳು. ಆಗ ನಿಂಗರಾಜನಿಗೆ ಪ್ಲಾನು ನೆನಪಾಯಿತು. ಅವನು ಸಾರಕ್ಕಿಯ ಮುಂದೆ ಕೂರುವಷ್ಟರಲ್ಲಿ ಅವರಿಬ್ಬರೂ ಹಿಂದೆ ನಿಂತಿದ್ದರು.

"ಏಳಪ್ಪಾ, ನೋಡೋಣ." ಪರಮಶಿವಯ್ಯ ಅವನ ಕುರ್ಚಿಯಲ್ಲಿ ಕುಳಿತರು. "ಇದೇನಮ್ಮಾ, ನಿನ್ನ ಹೆಸರಲ್ಲಿ ಇಲ್ಲಿ ಬಂದು ಕೂತಿದೆ?"

ಬಿಂದುಶ್ರೀ ದನಿ ತಗ್ಗಿಸಿದಳು. "ಇವರ ಸ್ಕ್ರೀನ್ ಸಖತ್ತಾಗಿತ್ತು ಸಾರ್. ಕೇಳ್ದೇನೇ ಇವರ ಸೆಟ್ಟಿಂಗ್ ಫೈಲು ಕಾಪಿ ಮಾಡ್ಕೊಂಡೆ. ಬಣ್ಣ ಬಂತು, ಗಡಿಯಾರ ಬಂತು. ಕಣ್ಣು ಮಾತ್ರ ನನಗೆ ಬರ್ಲೇ ಇಲ್ಲ."

ನಿಂಗರಾಜನಿಗೆ ಹೊಳೆಯಿತು. ಕಣ್ಣು ಎಲ್ಲಿ ತೆರೆಯಬೇಕು ಎಂಬಲ್ಲಿ ಅವನು ಫೈಲಿನಲ್ಲಿ ಸಾರಕ್ಕಿ ಎಂದು ಹೆಸರು ಹಿಡಿದೇ ಬರೆದಿದ್ದ. ಯಾರ ಕಿಟಕಿ ಬಂದರೂ ಒಳಗೆ ಬಿಡು ಎಂದೂ ಬರೆದಿದ್ದ. ಬಿಂದುಶ್ರೀ ಲಾಗಿನ್ ಆದಾಗಲೆಲ್ಲ ಅವಳ ಪಾಲಿನ ಕಣ್ಣು ನೇರ ಇವನ ಪರದೆಗೆ ಬರುತ್ತಿತ್ತು. ಇವನನ್ನು ಯಾರೂ ನೋಡುತ್ತಿರಲಿಲ್ಲ.

"ಹಂಗಾದ್ರ ತಪ್ಪು ನಂದೇ ಸರ್," ಎಂದು ನಕ್ಕ. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಿದ್ದ. "ನೀವು ಏಳ್ರಿ, ನಾ ಸರಿಮಾಡ್ತೀನಿ."

"ತಾಳಪ್ಪಾ, ಚೆನ್ನಾಗಿದೆಯಲ್ಲ ಇದು. ನನಗೂ ಒಂದು ಹಾಕ್ಕೊಡು." ಪರಮಶಿವಯ್ಯನವರಿಗೆ ಆಟಿಕೆ ಹಿಡಿಸಿಬಿಟ್ಟಿತ್ತು. ಬಾಣವನ್ನು ಮೇಲೆ ಒಯ್ದರು. ನಾಲ್ಕೂ ಗುಡ್ಡೆ ಮೇಲೆ ಹೋದವು. ಕೆಳಗೆ ತಂದರು, ಕೆಳಗೆ ಬಂದವು. ಎಡಕ್ಕೆ ಎಳೆದರು. "ಯಾವ ಕಡೆ ಹೋದ್ರೂ ಬಿಡಲ್ವಲ್ಲೋ!"

"ಸರ್, ಮೌಸು ಇತ್ತಾಗ ಕೊಡ್ರಿ..."

ಬಾಣ ಬಲ ಅಂಚು ಮುಟ್ಟಿತು. ಕಾರ್ಖಾನೆ ಸರಿದುಹೋಗಿ ಮಹಡಿ ಮನೆ ಬಂತು. ಕಣ್ಣುಗಳು ಮಾತ್ರ ಇದ್ದಲ್ಲೇ ಇದ್ದವು. ಯಾವ ಪುಟಕ್ಕೆ ಹೋದರೂ ಜೊತೆಗಿರಲಿ ಎಂದು ನಿಂಗರಾಜನೇ ಹಾಗೆ ಮಾಡಿದ್ದ. ಪರಮಶಿವಯ್ಯನವರ ನಗು ನಿಂತಿತು. ಬಾಣವನ್ನು ನಿಧಾನವಾಗಿ ಪ್ಲಾನಿನ ಮೂಲೆಗೆ ಒಯ್ದು, ಅಲ್ಲಿದ್ದ ಮಾಲೀಕರ ಹೆಸರಿನ ಮೇಲೆ ನಿಲ್ಲಿಸಿ ಓದಿದರು.

"ಚಿಕ್ಕಬೈರಪ್ಪ, ಬಿಟಿಎಂ ಲೇಔಟ್. ಯಾರಪ್ಪಾ ಇವರು?"

ನಾಲ್ಕೂ ಗುಡ್ಡೆ ಆ ಹೆಸರಿನ ಕಡೆಗೇ ತಿರುಗಿದ್ದವು.

ಊಟದ ಹೊತ್ತಿಗೆ ಸಾರಕ್ಕಿಯ ಮುಂದಿನ ಕುರ್ಚಿ ಖಾಲಿಯಾಗಿತ್ತು. ಮರುದಿನ ಬೆಳಿಗ್ಗೆ ಅಲ್ಲಿ ಬಿಂದುಶ್ರೀಯನ್ನು ಕೂರಿಸಿದರು. ಅವಳು ಲಾಗಿನ್ ಆದಳು. ಬಣ್ಣ ಬಂತು, ಗಡಿಯಾರ ಬಂತು, ಮೊದಲ ಸಲ ಕಣ್ಣೂ ಅವಳೆದುರಿಗೇ ತೆರೆಯಿತು. ಕೆಲಸ ಶುರುಮಾಡುವ ಮೊದಲು ಅವಳು ಅದನ್ನು ಮುಚ್ಚಿದಳು.