ಮೂರು ಸಲವೂ ಹನ್ನೆರಡು ಪಾಯಿಂಟ್ ನಾಲ್ಕು

"ಮೂರು ಸಲವೂ ಹನ್ನೆರಡು ಪಾಯಿಂಟ್ ನಾಲ್ಕು. ಚೆನ್ನಾಗಿದೆ," ಎಂದರು ಲ್ಯಾಬ್ ನೋಡಿಕೊಳ್ಳುವ ಹಿರಿಯರು, ಹುಡುಗಿಯ ರೆಕಾರ್ಡ್ ಪುಸ್ತಕದ ಮೇಲೆ ಬೆರಳಿಟ್ಟು. "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನನ್ನ ಕೈಗೆ ಇಷ್ಟು ಚೆನ್ನಾಗಿ ಬಂದಿದ್ದು ನೆನಪಿಲ್ಲ."

ಹುಡುಗಿ ಅದನ್ನು ಹೊಗಳಿಕೆ ಎಂದೇ ತಿಳಿದು ನಕ್ಕಳು. ಒಂದು ಸೆಮಿಸ್ಟರ್ ಓದಿಕೊಂಡು ಹೋಗಲೆಂದು ಈ ದೇಶಕ್ಕೆ ಬಂದು ಐದು ವಾರವಾಗಿತ್ತು. ಚೆನ್ನಾಗಿದೆ ಎನ್ನುವ ಮಾತು ಕಿವಿಗೆ ಬಿದ್ದದ್ದು ಇದೇ ಮೊದಲು. ಹಿರಿಯರು ನಗಲಿಲ್ಲ. ಅವಳ ಟೇಬಲ್ಲಿನ ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದರು. ಹಾಸ್ಟೆಲಿನ ನಲ್ಲಿ ನೀರು ಎಷ್ಟು ಗಡುಸು ಎಂದು ನೋಡುವ ಪ್ರಯೋಗ ಅದು. ಬ್ಯೂರೆಟ್ ಎಂಬ ಗೆರೆ ಗುರುತಿನ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಡಬೇಕು, ಸೂಚಕ ಹಾಕಿ ಕೆಂಪಾಗಿಸಿದ ನೀರು ನೀಲಿಯಾದ ಕೂಡಲೇ ನಿಲ್ಲಿಸಿ ಎಷ್ಟು ಖರ್ಚಾಯಿತೆಂದು ಬರೆಯಬೇಕು. ಹಾಗೆ ಮೂರು ಸಲ. ಲ್ಯಾಬ್ ಶುರುವಾದಾಗ ಎಲ್ಲರಿಗೂ ಆ ದ್ರಾವಣವನ್ನು ನೂರು ನೂರು ಎಂ.ಎಲ್. ಅಳೆದು ಕೊಟ್ಟವರು ಅವರೇ. ಬ್ಯೂರೆಟ್ಟಿನಲ್ಲಿ ಉಳಿದದ್ದು, ಬಾಟಲಿಯಲ್ಲಿ ಉಳಿದದ್ದು ಎರಡನ್ನೂ ಕೂಡಿಸಿ ನೋಡಿದರು. ಮೂರು ಸಲ ಮಾಡಿದ್ದರೆ ಮೂವತ್ತೇಳು ಖರ್ಚಾಗಿ ಅರವತ್ತರ ಆಸುಪಾಸು ಇರಬೇಕಿತ್ತು. ಎಂಬತ್ತೇಳಿತ್ತು.

ಅವರು ದನಿ ಏರಿಸಲಿಲ್ಲ, ನಿಯಮ ಹೇಳಿದರು ಅಷ್ಟೇ. ಮಾಡದ್ದನ್ನು ಮಾಡಿದೆ ಎಂದು ಬರೆದದ್ದು ಸಿಕ್ಕರೆ ಸಮಿತಿಗೆ ಕಳಿಸಬೇಕು. ಸಮಿತಿಯವರು ಸೆಮಿಸ್ಟರನ್ನೇ ರದ್ದು ಮಾಡಿ ಊರಿಗೆ ಕಳಿಸಿದ್ದೂ ಉಂಟು. ಐದು ಗಂಟೆಯೊಳಗೆ ತಪ್ಪನ್ನು ತಾವಾಗಿ ಬರೆದುಕೊಟ್ಟವರಿಗೆ ಮಾತ್ರ ಇನ್ನೊಂದು ಅವಕಾಶ. ಗಡಿಯಾರದಲ್ಲಿ ಮೂರೂಕಾಲು.

ಹುಡುಗಿ ಕಾರಿಡಾರಿಗೆ ಓಡಿ ಅಕ್ಕನಿಗೆ ಫೋನ್ ಹಚ್ಚಿದಳು. ಅಕ್ಕ ಊರಿನ ಕಾಲೇಜಿನಲ್ಲಿ ಇದೇ ಪ್ರಾಕ್ಟಿಕಲ್ ಮಾಡಿಸುವವಳು. ಅಲ್ಲಿ ಹತ್ತು ಜನಕ್ಕೆ ಒಂದು ಬ್ಯೂರೆಟ್. ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಒಂದು ಸಲ ಮಾಡಿ ಉಳಿದೆರಡು ಸಾಲನ್ನು ಅದನ್ನೇ ನೋಡಿ ಬರೆದುಕೊಳ್ಳುವುದನ್ನು ಹುಡುಗಿಗೆ ಹೇಳಿಕೊಟ್ಟವಳು ಅಕ್ಕ, ಅಕ್ಕನಿಗೆ ಹೇಳಿಕೊಟ್ಟವರು ಅವಳ ಮೇಡಂ. ಇಲ್ಲಿ ಹುಡುಗಿಯೊಬ್ಬಳಿಗೇ ಒಂದು ಬ್ಯೂರೆಟ್ಟೂ ಮೂರು ಗಂಟೆ ಹೊತ್ತೂ ಇದ್ದವು. ಆದರೂ ಕೈ ತನ್ನ ರೂಢಿಯಂತೆ ಬರೆದುಬಿಟ್ಟಿತ್ತು. ಮಿಕ್ಕ ಹೊತ್ತೆಲ್ಲ ರೆಕಾರ್ಡಿಗೆ ಸ್ಕೇಲಿಟ್ಟು ಅಂಚು ಎಳೆದು, ಬ್ಯೂರೆಟ್ಟಿನ ಚಿತ್ರಕ್ಕೆ ನೆರಳು ತೀಡುತ್ತಾ ಕೂತಿದ್ದಳು.

"ಅಯ್ಯೋ ಮಂಕೇ, ಉಳಿದಿದ್ದನ್ನ ಸಿಂಕಿಗೆ ಸುರಿಯೋದಲ್ವೇನೆ," ಎಂಬುದು ಅಕ್ಕನ ಮೊದಲ ಮಾತು. ಎರಡನೆಯದು, "ಪಕ್ಕದವಳ ಬಾಟಲಿಯಿಂದ ಇಸ್ಕೊಂಡೆ ಅಂದ್ಬಿಡು."

"ಅವಳನ್ನ ಕೇಳ್ತಾರಕ್ಕ."

"ಕೇಳಿದ್ರೆ ಹೂಂ ಅನ್ನಲ್ವಾ? ಅಷ್ಟು ಒಳ್ಳೆಯವಳು ಅಂತೀಯ."

"ಅಂದ್ರೂ ಅಂದ್ಬಿಡ್ತಾಳೆ. ಆಮೇಲೆ ಅವಳೂ ಸಿಕ್ಕಾಕ್ಕೋತಾಳೆ, ಅದಕ್ಕೇ ಭಯ ನಂಗೆ."

ಪಕ್ಕದ ಟೇಬಲ್ಲಿನವಳು ಮೊದಲ ವಾರ ಇವಳನ್ನು ಕೈಹಿಡಿದು ಬಸ್ಸು ಹತ್ತಿಸಿ, ಇಳಿಯುವ ಕಡೆ ತಾನೂ ಇಳಿದವಳು. ಅಕ್ಕ ಮೆಲ್ಲಗೆ ಹೇಳಿದಳು: "ಹಂಗಾದ್ರೆ ನಿಜ ಬರ್ಕೊಡು. ನಮ್ಮಕ್ಕ ಹೇಳಿಕೊಟ್ಟಿದ್ದು ಅಂತಾನೂ ಬೇಕಾದ್ರೆ ಬರಿ. ನನ್ನೇನು ಅಲ್ಲಿಂದ ಬಂದು ಹಿಡ್ಕೊಂಡು ಹೋಗ್ತಾರಾ?"

ಒಂದು ಸಲ ಮಾಡಿ ಮೂರು ಸಲ ಬರೆದೆ ಎಂದು ಹುಡುಗಿ ಬರೆದುಕೊಟ್ಟಳು. ಅಕ್ಕನ ಸುದ್ದಿ ಎತ್ತಲಿಲ್ಲ. ಹಿರಿಯರು ಓದಿ, ಕಾಗದವನ್ನು ಡ್ರಾಯರಿಗೆ ಹಾಕಿ, ಹೊಸ ಹಾಳೆಯೊಂದನ್ನು ಅವಳ ಮುಂದೆ ತಳ್ಳಿ ತಮ್ಮ ಕುರ್ಚಿಗೆ ಹೋದರು.

ಮೊದಲ ಸಲ ಹನ್ನೆರಡು ಪಾಯಿಂಟ್ ಮೂರು ಬಂತು. ಎರಡನೆಯ ಸಲ, ಇನ್ನೇನು ಬಣ್ಣ ತಿರುಗಬೇಕು ಎನ್ನುವಾಗ ಬೆರಳು ಜಾರಿ ದ್ರಾವಣ ಸರ್ರನೆ ಇಳಿದುಬಿಟ್ಟಿತು: ಹದಿಮೂರು ಪಾಯಿಂಟ್ ಆರು. ಅವಳು ರಬ್ಬರ್ ಕೈಗೆತ್ತಿಕೊಂಡಳು. ಹಾಗೇ ಹಿಡಿದುಕೊಂಡು ಕೂತಳು.

"ಸರ್, ಇದು ಕೆಟ್ಟೋಯ್ತು. ಬಿಟ್ಟು ಬೇರೆ ಮಾಡ್ಲಾ?"

"ಬೇರೆ ಮಾಡಿ. ಇದನ್ನ ಬಿಡಬೇಡಿ. ಯಾಕೆ ಹಿಂಗಾಯ್ತು ಅಂತ ಪಕ್ಕದಲ್ಲಿ ಬರೀರಿ."

'ಬೆರಳು ಜಾರಿತು' ಎಂದು ಬರೆದಳು. ಇಂಥ ಮಾತನ್ನೂ ರೆಕಾರ್ಡಿನಲ್ಲಿ ಬರೆಯಬಹುದು ಎಂದು ಇಷ್ಟು ವರ್ಷ ಯಾರೂ ಅವಳಿಗೆ ಹೇಳಿರಲಿಲ್ಲ. ಮತ್ತೆರಡು ಸಲ ಮಾಡಿದಳು. ಕೊನೆಯ ಹನಿ ಬಿದ್ದು ಕೆಂಪೆಲ್ಲ ನೀಲಿಗೆ ತಿರುಗುವುದನ್ನು, ಅದೂ ತನ್ನ ಕೈಯಲ್ಲೇ, ಒಂದೇ ದಿನ ನಾಲ್ಕು ಸಲ ನೋಡಿದ್ದು ಅವಳ ಜೀವನದಲ್ಲಿ ಇದೇ ಮೊದಲು. ಐದಕ್ಕೆ ಹತ್ತು ನಿಮಿಷವಿದ್ದಾಗ ನಾಲ್ಕು ಸಾಲಿನ ಹಾಳೆಯನ್ನು ಹಿರಿಯರ ಮುಂದಿಟ್ಟು, ಸಮಿತಿಗೆ ಹೋಗುತ್ತದೆಯೇ ಎಂದು ಕೇಳಿದಳು. ಇಲ್ಲ, ಇಲ್ಲಿಗೇ ಮುಗಿಯಿತು ಎಂದರು.

"ಮತ್ತೆ ಮಾರ್ಕ್ಸು, ಸರ್?"

"ಅರ್ಧ ಹೋಯ್ತು," ಎಂದರು ಅವರು ಸಹಿ ಹಾಕುತ್ತಾ. "ಅರ್ಧ ಇದೆ."

ನಡೆದದ್ದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದ ಎರಡು ದಿನದ ಮೇಲೆ ಅವಳಿಂದ ಒಂದು ಫೋಟೋ ಬಂತು. ಅವಳ ಕಾಲೇಜಿನ ಲ್ಯಾಬು. ದೀಪ ಹತ್ತಿತ್ತು, ಅಂದರೆ ಗಂಟೆ ಹೊಡೆದ ಮೇಲೂ ಯಾರನ್ನೂ ಮನೆಗೆ ಬಿಟ್ಟಿರಲಿಲ್ಲ. ಕರಿಹಲಗೆಯ ತುಂಬ ಹುಡುಗ ಹುಡುಗಿಯರ ಸೊಟ್ಟ ಕೈಬರಹದ ಅಂಕಿಗಳು, ಒಬ್ಬೊಬ್ಬರದೂ ಮೂರು ಮೂರು. ಯಾವ ಸಾಲಿನಲ್ಲೂ ಮೂರೂ ಒಂದೇ ಇರಲಿಲ್ಲ. ಕೆಳಗೆ ಮೂಲೆಯಲ್ಲಿ ಅಕ್ಕನ ದುಂಡು ಅಕ್ಷರ: ಅಳಿಸಬೇಡಿ.