ಬಿಸಿಲು ಬೀಳದ ಜಾಗ

ಷೋರೂಮಿನವನು ಮೆಟ್ಟಿಲ ಕೆಳಗಿನ ಗೋಡೆಗೆ ಅಂಗೈ ಒತ್ತಿಕೊಂಡು ನಿಂತು ಎರಡು ನಿಮಿಷವಾಗಿತ್ತು. ಮುನಿಲಕ್ಷ್ಮಮ್ಮ ಅವನ ಕೈಯನ್ನೇ ನೋಡುತ್ತಿದ್ದರು. ಬೈಕ್ ಮಾರುವವನಿಗೆ ಗೋಡೆಯಲ್ಲೇನು ಕೆಲಸ? ಕನ್ನ ಹಾಕುವವರೂ ಮೊದಲು ಗೋಡೆಯನ್ನೇ ಸವರಿ ನೋಡುತ್ತಾರಂತೆ.

“ಮಧ್ಯಾಹ್ನದ ಬಿಸಿಲು ಇಲ್ಲಿಗೆ ಬೀಳುತ್ತಾ ಅಮ್ಮ?”

“ಇಲ್ಲ.”

“ಮಹಡಿ ಮನೆಗೆ?”

“ಗಾಡಿ ನಿಲ್ಲೋದು ಕೆಳಗೆ ಕಣಪ್ಪ!”

“ಮೇಲಿನ ಕಾವು ಕೆಳಗೆ ಇಳಿಯುತ್ತೆ ಅಮ್ಮ,” ಎಂದ ಕೈಲಾಸ್, ಬಹಳ ವಿನಯದಿಂದ.

ಇಷ್ಟಕ್ಕೆಲ್ಲ ಕಾರಣ ಅವರ ಗಂಡ ಗಂಗಾಧರಯ್ಯನವರ ಮಂಡಿ. ಹಳೇ ಸ್ಕೂಟರಿನ ಕಿಕ್ ಹೊಡೆದೂ ಹೊಡೆದೂ ಅದು ಕೈಕೊಟ್ಟಿತ್ತು. ಕಿಕ್ಕಿನ ತಂಟೆಗೇ ಹೋಗಬೇಡಿ ಎಂದಿದ್ದರು ಡಾಕ್ಟರು. ತಲಘಟ್ಟಪುರದಲ್ಲಿ ಉಳಿದಿರುವ ಹತ್ತು ತೆಂಗಿನ ಮರ ನೋಡಿಬರಲೂ ಈಗ ಪಕ್ಕದ ಮನೆ ಬೈರಣ್ಣನ ಹಿಂದೆ ಕೂರಬೇಕು. ಬೈರಣ್ಣನೋ, ದಾರಿಯುದ್ದಕ್ಕೂ ತನ್ನ ಹೊಟ್ಟೆಯ ಆಪರೇಷನ್ನಿನ ಕಥೆ ಹೇಳುತ್ತಾನೆ, ಹೊಲಿಗೆಗಳ ಲೆಕ್ಕದ ಸಮೇತ. ಒಂದು ಕಾಲದಲ್ಲಿ ಇದೇ ಚಿಕ್ಕಲಸಂದ್ರದಲ್ಲಿ ಜೋಡೆತ್ತಿನ ಗಾಡಿ ಹೊಡೆದ ಮನುಷ್ಯ ಇನ್ನೊಬ್ಬರ ಬೆನ್ನು ನೋಡಿಕೊಂಡು ಕೂರುವುದೆಂದರೆ! ನಾಲ್ಕು ತಿಂಗಳಲ್ಲಿ ಗಂಗಾಧರಯ್ಯನವರಿಗೆ ಅಳುವೇ ಬಂದಿತ್ತು. ಗುಂಡಿ ಒತ್ತಿದರೆ ಹೊರಡುವ ಬ್ಯಾಟರಿ ಬೈಕೇ ಬೇಕೆಂದು ಹಠ ಹಿಡಿದರು.

ಮುನಿಲಕ್ಷ್ಮಮ್ಮ ಬಿಡಬೇಕಲ್ಲ! ಏಪ್ರಿಲ್ ಬಿಸಿಲಲ್ಲಿ ನಿಂತಲ್ಲೇ ಹೊತ್ತಿಕೊಂಡ ಬೈಕಿನ ವಿಡಿಯೋವನ್ನು ಅವರು ಮೊಬೈಲಿನಲ್ಲಿ ಹನ್ನೊಂದು ಸಲ ನೋಡಿದ್ದರು. “ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡಿ,” ಎಂದುಬಿಟ್ಟರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಮಾರುವವನೇ ಉರಿಬಿಸಿಲಲ್ಲಿ ಬಂದು, ಮನೆ ನೋಡಿ, ಏನೂ ಆಗಲ್ಲ ಎಂದು ತಮ್ಮ ಮುಖ ನೋಡಿ ಹೇಳಬೇಕು.

ಜಯನಗರದ ಷೋರೂಮಿನಲ್ಲಿ ಗಂಗಾಧರಯ್ಯ ಇದನ್ನು ಹೇಳುವಾಗ ನಾಚಿಕೆಯಿಂದ ಕುಗ್ಗಿದ್ದರು. ಕೈಲಾಸ್ ಕೇಳಿದ್ದು ಒಂದೇ ಪ್ರಶ್ನೆ: “ಸ್ವಂತ ಮನೆನಾ ಸಾರ್?” ಹೌದೆಂದದ್ದೇ ತಡ, ಕೈಗೆ ಬಂದಿದ್ದ ಇನ್ನಿಬ್ಬರು ಗಿರಾಕಿಗಳನ್ನು ಬೇರೆಯವರಿಗೆ ಒಪ್ಪಿಸಿ, “ನಾಳೆ ಎರಡು ಗಂಟೆಗೆ ಬರ್ತೀನಿ,” ಎಂದ. ಹೇಳಿದ ಹೊತ್ತಿಗೆ ಸರಿಯಾಗಿ ಬಂದೂ ಬಂದ.

ಬಂದವನು ಬೈಕಿನ ವಿಷಯ ಬಿಟ್ಟು ಉಳಿದದ್ದೆಲ್ಲ ಕೇಳತೊಡಗಿದ.

“ಮಹಡಿಗೆ ಬೇರೆ ಮೀಟರ್ ಇದೆಯಾ ಸಾರ್?”

“ಇದೆ. ಯಾಕಪ್ಪ?”

“ಲೋಡು ಹಂಚಿಹೋದ್ರೆ ವೈರು ಬಿಸಿಯಾಗಲ್ಲ. ನೀರು ಕಾವೇರಿನಾ, ಬೋರಾ?”

“ಬ್ಯಾಟರಿಗೆ ನೀರು ಯಾಕೋ?” ಮುನಿಲಕ್ಷ್ಮಮ್ಮನ ದನಿ ಏರಿತು.

“ಗಾಡಿ ತೊಳೀಬೇಕಲ್ಲಮ್ಮ. ಬೋರ್ ನೀರಿನ ಉಪ್ಪು ಚಾರ್ಜಿಂಗ್ ಪಿನ್ನೆಲ್ಲ ತಿಂದುಬಿಡುತ್ತೆ. ಆಮೇಲೆ... ರಾತ್ರಿ ಗೇಟಿಗೆ ಎಷ್ಟೊತ್ತಿಗೆ ಬೀಗ ಹಾಕ್ತೀರ?”

ಮುನಿಲಕ್ಷ್ಮಮ್ಮ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. “ರೀ, ಇವನು ಕಳ್ಳನೇ. ಬೀಗದ ಟೈಮು ಕೇಳ್ತಾನೆ!”

“ಸುಮ್ನಿರೇ. ಬೆಂಕಿ ಬಿದ್ರೆ ಓಡೋಕೆ ದಾರಿ ಬೇಡ್ವಾ?” ಗಂಗಾಧರಯ್ಯನವರಿಗೆ ಬೈಕು ಕೈತಪ್ಪುವ ಭಯ. “ನಿನ್ನ ನೋಡೋಕೆ ಬಂದಾಗ ನಮ್ಮಪ್ಪನೂ ಹಿಂಗೇ ವಿಚಾರಿಸಬೇಕಿತ್ತು!”

ಕಳ್ಳನಾಗಿದ್ದರೆ ದುಬಾರಿ ಗಾಡಿಯನ್ನೇ ತಲೆಗೆ ಕಟ್ಟಿಬಿಡುತ್ತಿದ್ದ. ಗಂಗಾಧರಯ್ಯ ಕೆಂಪು ಬಣ್ಣದ, ಬಾಣದಂತೆ ಹೋಗುವ ಬೈಕಿಗೆ ಮನಸೋತಿದ್ದರು. ಕೈಲಾಸ್ ಖಂಡಿತ ಬೇಡ ಎಂದು ಮೊಬೈಲಿನಲ್ಲಿ ಇನ್ನೊಂದನ್ನು ತೋರಿಸಿದ. “ಈ ನಿಧಾನದ್ದು ತಗೊಳ್ಳಿ ಸಾರ್. ಬೆಲೇನೂ ಕಡಿಮೆ, ಇದರ ಬ್ಯಾಟರಿ ಅಷ್ಟು ಬೇಗ ಕಾವೇರಲ್ಲ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕ್ಬೇಡಿ, ಅರ್ಧ ಗಂಟೆ ನೆರಳಲ್ಲಿ ಆರಲಿ. ಕಂಪನಿ ಚಾರ್ಜರ್ ಬಿಟ್ಟು ಬೇರೇದು ಮುಟ್ಟಬೇಡಿ. ಎಲ್ಲರೂ ಮಲಗಿದ ಮೇಲಂತೂ ಚಾರ್ಜಿಂಗ್ ಬೇಡ್ವೇ ಬೇಡ.”

ಮಾರುವವನ ಬಾಯಲ್ಲೇ ಅಗ್ಗದ್ದು ತಗೊಳ್ಳಿ ಎಂಬ ಮಾತು! ಮುನಿಲಕ್ಷ್ಮಮ್ಮ ಅರವತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

“ನೀನು ಯಾವ್ದು ಓಡಿಸ್ತೀಯ?”

“ಇದೇ ಅಮ್ಮ, ಎರಡು ವರ್ಷದಿಂದ. ಒಂದು ದಿನಾನೂ ತೊಂದ್ರೆ ಇಲ್ಲ.”

“ಎಲ್ಲಿ ಚಾರ್ಜ್ ಹಾಕ್ತೀಯ?”

“ಷೋರೂಮಲ್ಲೇ,” ಎಂದು ಕೈಲಾಸ್ ಮಜ್ಜಿಗೆಯನ್ನು ಗಟಗಟ ಕುಡಿದ. “ಒಂದ್ಸಲ ಮಹಡಿ ನೋಡ್ಲಾ ಅಮ್ಮ? ತಾರಸಿ ಎಷ್ಟು ಕಾದಿದೆ ಅಂತ ಗೊತ್ತಾಗ್ಬೇಕು.”

ಮಹಡಿ ಮನೆ ಎರಡು ತಿಂಗಳಿಂದ ಖಾಲಿಯಿತ್ತು. ಕೈಲಾಸ್ ಕಿಟಕಿ ತೆರೆದು ಗಾಳಿ ನೋಡಿದ, ಅಡುಗೆಮನೆಯ ನಲ್ಲಿ ತಿರುಗಿಸಿದ, ನಾಲ್ಕು ಫೋಟೋ ತೆಗೆದು ಯಾರಿಗೋ ಕಳಿಸಿದ. ತಕ್ಷಣ ಉತ್ತರವೂ ಬಂತು. ಇಳಿದು ಬರುವಾಗ ಅವನ ಮುಖ ಅರಳಿತ್ತು. ಎಂಥಾ ಕಂಪನಿ, ಎಷ್ಟು ಶಿಸ್ತು ಎಂದುಕೊಂಡರು ಗಂಗಾಧರಯ್ಯ.

“ಅಮ್ಮ, ನಿಮ್ಮ ಮುಖ ನೋಡಿ ಹೇಳ್ತಿದೀನಿ. ಈ ಮೆಟ್ಟಿಲ ಕೆಳಗೆ ನಿಲ್ಸಿ, ನಾನು ಹೇಳಿದ ಹಾಗೆ ನೋಡ್ಕೊಂಡ್ರೆ ಬ್ಯಾಟರಿ ಗಾಡಿಗೆ ಹೆದರೋ ಹಾಗಿಲ್ಲ. ಇನ್ನೂ ಏನಾದ್ರೂ ತಕರಾರಿದ್ರೆ ಈಗಲೇ ಹೇಳಿಬಿಡಿ.”

ಮುನಿಲಕ್ಷ್ಮಮ್ಮ ಅವನನ್ನೂ ನೋಡಿದರು, ಕುರ್ಚಿಯ ತುದಿಯಲ್ಲಿ ಕೂತಿದ್ದ ಗಂಡನನ್ನೂ ನೋಡಿದರು. ಪಾಪ ಅನ್ನಿಸಿತು.

“ಇನ್ನೇನಪ್ಪ ತಕರಾರು! ಒಂದಲ್ಲ, ಹತ್ತು ಗಾಡಿ ಬಂದು ನಿಲ್ಲಲಿ. ದೇವರಾಣೆಗೂ ನಾನು ಬೇಡ ಅನ್ನಲ್ಲ.”

ಗಂಗಾಧರಯ್ಯ ಮಂಡಿ ನೋವು ಮರೆತು ಎದ್ದೇಬಿಟ್ಟರು. “ಅಡ್ವಾನ್ಸ್ ಎಷ್ಟು ಕೊಡ್ಲಿ, ಹೇಳಪ್ಪ!”

“ಅಡ್ವಾನ್ಸ್ ನಾನು ಕೊಡ್ತೀನಿ ಸಾರ್, ಮಹಡಿ ಮನೆ ನಂಗೆ ಬಾಡಿಗೆಗೆ ಕೊಡಿ,” ಕೈಲಾಸ್ ಕೈಮುಗಿದ. “ಮದುವೆಯಾಗಿ ಐದು ತಿಂಗಳಾಯ್ತು, ಹೆಂಡ್ತಿ ಇನ್ನೂ ತೌರಲ್ಲೇ ಇದಾಳೆ. ಬ್ಯಾಟರಿ ಗಾಡಿ ಇಟ್ಕೊಂಡಿರೋನಿಗೆ ಈ ಕಡೆ ಒಬ್ಬ ಓನರ್ರೂ ಮನೆ ಕೊಡ್ತಿಲ್ಲ.”