ಬಿಚ್ಚಿಕೊಟ್ಟ ಚಾಕು ಬ್ಯಾಡ

ಅಂಗಡಿಯ ಮರುಳಸಿದ್ದಪ್ಪ ಮೂರನೆಯ ಚಾಕುವನ್ನೂ ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟ. ಬೀರಕ್ಕ ಅಲಗನ್ನು ಕೂಡ ನೋಡದೆ ಅದನ್ನು ಪಕ್ಕಕ್ಕೆ ತಳ್ಳಿದಳು.

"ಇದೂ ಬ್ಯಾಡ."

"ಯಾಕಮ್ಮಾ? ಒಳ್ಳೇ ಸ್ಟೀಲು. ಈ ರೇಟಿಗೆ ಹಿಂದೂಪುರದಾಗೆ ಇಂಥದ್ದು ಇನ್ನೆಲ್ಲೂ ಸಿಕ್ಕಲ್ಲ."

"ನೀನು ಬಿಚ್ಬುಟ್ಯಲ್ಲ. ನೀನು ಬಿಚ್ಚಿದ್ದು ನಂಗೆ ಬ್ಯಾಡ."

ಅಂಗಡಿಯವನು ಇನ್ನೊಂದನ್ನು ಬಿಚ್ಚಲು ಕೈ ಹಾಕಿದ. ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ತಾಯಿಯ ಜೊತೆ ಬಂದಿದ್ದ ಹರಿತಾ ನಗು ನುಂಗಿಕೊಂಡು, "ಮಡಚಿದ್ದನ್ನ ಮಡಚಿದಂಗೇ ಕೊಡಣ್ಣಾ. ನಮ್ಮವ್ವನೇ ಬಿಚ್ಬೇಕು" ಎಂದಳು.

ಕಲ್ಯಾಣದುರ್ಗದ ಬಳಿಯ ಅವರ ಹಟ್ಟಿಯಲ್ಲಿ ಅದೇ ಕಟ್ಟಳೆ. ಕುರಿಮರಿಯ ಕಿವಿ ಸೀಳಿ ಗುರುತು ಹಾಕುವವರು ಚಾಕುವನ್ನು ತಾವೇ ಬಿಚ್ಚಬೇಕು. ಬೇರೆಯವರು ಬಿಚ್ಚಿಕೊಟ್ಟರೆ ಆ ಮರಿ ಚಾಕು ಬಿಚ್ಚಿಕೊಟ್ಟವರ ಪಾಲು. ಗಂಡ ತಿಪ್ಪೇಸ್ವಾಮಿ ಸತ್ತ ಮೇಲೆ ತನ್ನ ಪಾಲಿನ ಮರಿಗಳಿಗೆ ಬೀರಕ್ಕನೇ ಗುರುತು ಹಾಕುತ್ತ ಬಂದಿದ್ದಳು. ಹೋದ ಬೇಸಿಗೆಯಲ್ಲಿ ಮೇವು ಕತ್ತರಿಸುವ ಮಿಷನ್ನು ಅವಳ ಎಡಗೈಯ ಬೆರಳುಗಳನ್ನು ತಿಂದುಹಾಕಿತು. ಹೆಬ್ಬೆರಳೊಂದು ಉಳಿಯಿತು. ಹಳೆಯ ಚಾಕುವನ್ನು ಬಾಯಲ್ಲಿ ಕಚ್ಚಿ ಬಿಚ್ಚಲು ಹೋಗಿ ಮುಂದಿನ ಹಲ್ಲೂ ಮುರಿಯಿತು. ಅಂದಿನಿಂದ ಮೈದುನ ಮುನೆಪ್ಪನ ಮಾತಿಗೆ ಬೆಣ್ಣೆ ಹತ್ತಿತ್ತು. "ಯಾಕತ್ಗೆ ಕಷ್ಟ ಪಡ್ತೀಯಾ, ನಾನು ಬಿಚ್ಕೊಡ್ತೀನಿ." ಈ ಸಲದ ಮರಿಗಳಿಗೆ ಗುರುತು ಹಾಕುವುದು ನಾಳೆ ಬೆಳಿಗ್ಗೆ.

ಮರುಳಸಿದ್ದಪ್ಪ ಗುಂಡಿ ಇರುವ ಚಾಕು ತೆಗೆದ. ಈ ಸಲ ಮಡಚಿದ್ದನ್ನೇ ಮುಂದಿಟ್ಟು, "ಇಲ್ಲಿ ಒತ್ತಮ್ಮಾ, ತಾನೇ ಬಿಚ್ಕಂತದೆ" ಎಂದ.

"ಅದು ಸ್ಪ್ರಿಂಗು ಬಿಚ್ಚೋದು. ನನ್ನ ಮರೀನ ಸ್ಪ್ರಿಂಗಿಗೆ ಕೊಡ್ಲಾ?"

"ಹಂಗಾರೆ ಮಡಚದ ಚಾಕುನೇ ತಗಾ. ಬಿಚ್ಚೋ ತಾಪತ್ರಯನೇ ಇಲ್ಲ."

"ಹಗಲೆಲ್ಲ ಸೊಂಟದಾಗೆ ಇರೋದು ಕಣಪ್ಪ. ಕುರಿ ಈಯಿಸೋಕೆ ಬಗ್ಗಿದ್ರೆ ನನ್ನ ಹೊಟ್ಟೇನೇ ಸೀಳ್ತದೆ."

ಇನ್ನೊಂದು ಸಡಿಲವಾಗಿತ್ತು. ಬಲಗೈ ಒದರಿದರೆ ಸಾಕು, ಅಲಗು ಹೊರಗೆ ಬಂತು. ಹರಿತಾಳ ಮುಖ ಅರಳಿತು. ಬೀರಕ್ಕ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ನೋಡಿದಳು. ಅದು ಸರಕ್ಕನೆ ಮಡಚಿಕೊಂಡಿತು. ಅವಳು ಥಟ್ಟನೆ ಹಿಂದೆಗೆದುಕೊಂಡದ್ದರಿಂದ ಬೆರಳು ಉಳಿದವು.

"ನೆಟ್ಟಗಿರೋದು ಈ ಕೈಯಾಗಿನ ಐದೇ. ಇದು ಇವನ್ನೂ ತಿಂತದೆ."

ಕೊನೆಗೆ ಡಬ್ಬಿಯ ತಳದಿಂದ ಒಂದು ಬಂತು. ಮರದ ಹಿಡಿ, ಬಿಚ್ಚಿದ ಮೇಲೆ ಅಲಗನ್ನು ಕಚ್ಚಿ ಹಿಡಿಯುವ ಲಾಕು, ಅಲಗಿನ ಬುಡದಲ್ಲಿ, ಮಡಚಿದರೂ ಹೊರಗೆ ಕಾಣುವ ಒಂದು ತೂತು. ಅಗ್ಗದ್ದು. ಬಿಗಿ ಎಂದು ಯಾರೂ ಕೊಂಡಿರಲಿಲ್ಲ. ಬೀರಕ್ಕ ಬಲಗೈಯ ಹೆಬ್ಬೆರಳಿನಿಂದ ಅಲಗನ್ನು ನೂಕಿದಳು. ಕದಲಲಿಲ್ಲ. ಎದೆಗೆ ಆನಿಸಿಕೊಂಡು ನೂಕಿದಳು. ಹಣೆಯ ಮೇಲೆ ಬೆವರು ಬಂತು. ಮೊಳೆ ಕೊಳ್ಳಲು ಬಂದವರಿಬ್ಬರು ಮೊಳೆ ಮರೆತು ಅವಳ ಮೊಂಡು ಕೈಯನ್ನೇ ನೋಡತೊಡಗಿದರು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

ಹರಿತಾ ತಡೆಯಲಾರದೆ ಕೈ ಚಾಚಿದಳು.

"ಮುಟ್ಟಿದ್ರೆ ನೋಡು!"

ಮಗಳ ಕೈ ಹಿಂದೆ ಹೋಯಿತು. ಆದರೆ ಕಣ್ಣು ಆ ತೂತಿನ ಮೇಲೇ ನಿಂತಿತು. "ಅವ್ವಾ, ನಿನ್ನ ಕಂಬ್ಳಿ ಅಂಚು ಇತ್ಲಾಗೆ ಕೊಡು" ಎಂದವಳೇ ಒಂದು ಉಣ್ಣೆ ಎಳೆ ಕಿತ್ತು, ಮಡಚಿ ಹೊಸೆದು, ತೂತಿನಲ್ಲಿ ಪೋಣಿಸಿ ಗಂಟು ಹಾಕಿದಳು. ಚಾಕು ತಾಯಿಯ ಬಲಗೈಯಲ್ಲೇ ಇತ್ತು. ಅಲಗು ಒಂದಿಷ್ಟೂ ಅಲುಗದ ಹಾಗೆ ಹರಿತಾ ಉಸಿರು ಹಿಡಿದು ಕೆಲಸ ಮಾಡಿದಳು. "ಅಂಗಿ ಗುಂಡಿಗೆ ಹಾಕೋ ಕುಣಿಕೆ. ದಿನಾ ಇದನ್ನೇ ಹಾಕ್ತೀನಿ. ಈಗ ಹೆಬ್ಬೆಟ್ಟು ತೂರ್ಸಿ ಎಳಿ."

ಬೀರಕ್ಕ ಎಡಗೈಯ ಒಂಟಿ ಹೆಬ್ಬೆರಳನ್ನು ಕುಣಿಕೆಯೊಳಗೆ ತೂರಿಸಿ ಎಳೆದಳು.

ಟಕ್.

ಅಲಗಿನ ಬೆನ್ನನ್ನು ಮೇಜಿಗೆ ಒತ್ತಿದಳು. ಮಡಚಲಿಲ್ಲ. ಲಾಕು ಅದುಮಿ ತೊಡೆಗೆ ಒತ್ತಿ ಮಡಚಿದಳು. ಮತ್ತೆ ಎಳೆದಳು. ಟಕ್. ಮುರಿದ ಹಲ್ಲು ಕಾಣುವ ಹಾಗೆ ನಕ್ಕು ಅಂಗಡಿಯವನ ಕಡೆ ತಿರುಗಿದಳು.

"ಹತ್ತು ರೂಪಾಯಿ ಕಮ್ಮಿ ಮಾಡು. ದಾರ ನಮ್ದು."

ಮರುದಿನ ಬೆಳಿಗ್ಗೆ ಹಟ್ಟಿಯಲ್ಲಿ, ಕುರಿ ರೊಪ್ಪದ ಬೇಲಿಯ ಸುತ್ತ ಇಡೀ ಮನೆತನ ನೆರೆದಿತ್ತು. ಮುನೆಪ್ಪ ಎಲ್ಲರಿಗೂ ಕಾಣುವ ಹಾಗೆ ಅಂಗೈ ಚಾಚಿದ. "ಕೊಡತ್ಗೆ. ಹೊಸಾದು ತಂದ್ಯಂತಲ್ಲ. ಬಿಚ್ಕೊಡ್ತೀನಿ."

ಬೀರಕ್ಕ ಸೊಂಟದಿಂದ ಚಾಕು ತೆಗೆದಳು. ಒಂಟಿ ಹೆಬ್ಬೆರಳು ಕುಣಿಕೆಗೆ ಹೋಯಿತು. ಟಕ್ಕೆಂದ ಸದ್ದು ಬೇಲಿಯಾಚೆಗೂ ಕೇಳಿಸಿತು. ಮುನೆಪ್ಪನ ಅಂಗೈ ಇನ್ನೂ ಗಾಳಿಯಲ್ಲೇ ಇತ್ತು.

ಅವಳು ಆ ಕೈಯನ್ನೊಮ್ಮೆ ನೋಡಿದಳು.

"ಒಂದು ಕೈ ಸಾಲ್ದು ಕಣಪ್ಪ. ಎಲ್ಡೂ ತತ್ತಾ, ಮರಿ ಹಿಡ್ಕಾ."